ಎಂಡ್ ಟರ್ನ್ ಒತ್ತೋ ತನಕ

ಹಬ್ಬಕ್ಕೆ ಬಂದಿದ್ದ ಸಂಬಂಧಿಕರೊಬ್ಬರು ನನ್ನ ರೂಮಿನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ್ರು, ಆಮೇಲೆ ಅಮ್ಮನ ಕಡೆ ತಿರುಗಿ "ಪಾಪ, ಗೇಮಲ್ಲಾದ್ರೂ ಓಡಾಡ್ಕೊಂಡಿರ್ಲಿ ಬಿಡಿ" ಅಂದ್ರು. ಒಳ್ಳೆ ಮನಸ್ಸಿಂದಾನೇ ಹೇಳಿದ್ದು, ನಂಗೇನು ಸಿಟ್ಟು ಬರ್ಲಿಲ್ಲ, ಅಮ್ಮ ಹೂಂ ಅಂದು ಕಾಫಿ ತರೋಕೆ ಹೋದ್ಲು. ಆದ್ರೆ ಆ ಮಾತು ತಲೇಲಿ ಕೂತ್ಬಿಡ್ತು, ಯಾಕಂದ್ರೆ ಆ ಹೊತ್ತಲ್ಲಿ ಸ್ಕ್ರೀನ್ ಮೇಲೆ ಯಾರೂ ಓಡಾಡ್ತಾನೇ ಇರ್ಲಿಲ್ಲ. ನನ್ನ ನಾಲ್ಕು ಜನ ಒಂದು ಮುರುಕಲು ಗೋಡೆ ಹಿಂದೆ ನಿಂತಿದ್ರು, ಎದುರುಗಡೆ ಗಾಬ್ಲಿನ್‌ಗಳು, ಅಂದ್ರೆ ಕುಳ್ಳ ರಾಕ್ಷಸರ ಥರದೋವು, ನಿಂತಿದ್ವು, ಯಾರನ್ನ ಮೊದಲು ಕಳಿಸೋದು, ಬೆಂಕಿ ಉಂಡೆ ಎಸೆಯೋ ಮಂತ್ರದ, ಇರೋ ಒಂದೇ ಒಂದು ಫೈರ್‌ಬಾಲ್ ಸ್ಕ್ರೋಲನ್ನ ಈಗ್ಲೇ ಖರ್ಚು ಮಾಡೋದಾ ಬೇಡ್ವಾ ಅಂತ ನಾನು ತುಂಬಾ ಹೊತ್ತಿಂದ ಯೋಚ್ನೆ ಮಾಡ್ತಾ ಇದ್ದೆ. ಅವರಿಗೆ ಕಂಡಿದ್ದು ಓಡಾಟ. ನಾನು ಮಾಡ್ತಿದ್ದಿದ್ದು ಸುಮ್ನೆ ಕೂತ್ಕೊಂಡು ಲೆಕ್ಕ ಹಾಕೋದು, ಅದನ್ನ ನಾನು ಬೈಕಿಂದ ಬೀಳೋಕೆ ಮುಂಚೇನೂ ಮಾಡ್ತಿದ್ದೆ.

(ಬೈಕ್ ಕಥೆ ಹಳೆ ಓದುಗರಿಗೆ ಗೊತ್ತು, ಮತ್ತೆ ಬೇಡ. ಸಿ6 ಲೆವೆಲ್ ಸ್ಪೈನಲ್ ಕಾರ್ಡ್ ಇಂಜುರಿ, ಅಂದ್ರೆ ಕುತ್ತಿಗೆ ಹತ್ರ ಬೆನ್ನುಹುರಿಗೆ ಪೆಟ್ಟು, ಅಂದ್ರೆ ಸಾಕು. ಇನ್ನೊಂದು ವಿಷಯ, ಇದನ್ನ ಫೋನಲ್ಲಿ ವಾಯ್ಸ್ ಟೈಪಿಂಗ್ ಮಾಡಿ ಆಮೇಲೆ ತಿದ್ದಿದೀನಿ, ಅದಕ್ಕೆ ಕಾಮಾ ಹಾಕೋ ಬುದ್ಧಿ ಇಲ್ಲ, ವಾಕ್ಯ ಎಲ್ಲೋ ಶುರುವಾಗಿ ಎಲ್ಲೋ ಮುಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.)

ವೀಲ್‌ಚೇರಿಗೆ ಬಂದ್ಮೇಲೆ ನಾನು ಏನು ಮಾಡಿದ್ರೂ ಜನಕ್ಕೆ ಅದು ನಡೆಯೋದಕ್ಕೆ ಬದಲಿಯಾಗಿ ಮಾಡಿದ ಹಾಗೆ ಕಾಣುತ್ತೆ. ಪುಸ್ತಕ ಓದಿದ್ರೆ ಕೂತಲ್ಲೇ ಪ್ರಪಂಚ ಸುತ್ತಬಹುದಲ್ವಾ ಅಂತಾರೆ. ಇನ್ನು ರೋಲ್ ಪ್ಲೇಯಿಂಗ್ ಗೇಮ್ (ಆರ್‌ಪಿಜಿ, ಒಂದು ಪಾತ್ರ ಆಗಿ ಆಡೋ ಕಥೆ ಆಟ) ಅಂದ್ರೆ ಕೇಳ್ಬೇಕಾ, ಅದ್ರಲ್ಲಿ ಕುದುರೆ ಇದೆ, ಕತ್ತಿ ಇದೆ, ಹಾರೋ ಮಂತ್ರ ಇದೆ, ಎಲ್ಲ ಸರಿಯಾಗಿ ಕೂಡಿ ಬರುತ್ತೆ ಅವರ ಲೆಕ್ಕಕ್ಕೆ. ಕಾಲು ಹೋಗಿದ್ದು ಸಣ್ಣ ವಿಷಯ ಅಂತ ನಾನು ಹೇಳಲ್ಲ. ಆದ್ರೆ ಇಷ್ಟು ವರ್ಷ ಆದ್ಮೇಲೆ ದಿನಾ ಕೊರೆಯೋದು ಬೇರೆ. ಬೆಳಿಗ್ಗೆ ನಾನು ಯಾವಾಗ ಏಳ್ತೀನಿ ಅನ್ನೋದು ನಮ್ಮನೆಗೆ ಬರೋ ಹುಡುಗನ ಬಸ್ಸಿನ ಮೇಲೆ ನಿಂತಿದೆ. ಸ್ನಾನ, ಕ್ಯಾತಿಟರ್, ಚೇರಿಗೆ ಎತ್ತಿ ಕೂರಿಸೋದು, ಎಲ್ಲದಕ್ಕೂ ಬೇರೆಯವರ ಕೈ ಬೇಕು, ಆ ಕೈಗೆ ಇನ್ನೊಂದು ಕೆಲಸ ಕಾಯ್ತಾ ಇರುತ್ತೆ. "ಕಿಟಕಿ ಹಾಕ್ಲಾ?" ಅಂತ ಕೇಳ್ತಾರೆ, ನಾನು ಬಾಯಿ ಬಿಡೋ ಅಷ್ಟರಲ್ಲಿ ಕಿಟಕಿ ಹಾಕಾಗಿರುತ್ತೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಕೈ ಇರೋರಿಗೆ ಯೋಚ್ನೆ ಮತ್ತೆ ಕೆಲಸದ ಮಧ್ಯೆ ಗ್ಯಾಪೇ ಇರಲ್ಲ, ನನಗೆ ಆ ಗ್ಯಾಪಲ್ಲೇ ಜೀವನ. ಆ ಗ್ಯಾಪಲ್ಲಿ ಬೇರೆ ಯಾರೋ ನಿರ್ಧಾರ ಮಾಡಿ ಮುಗಿಸಿರ್ತಾರೆ.

ಟರ್ನ್ ಬೇಸ್ಡ್, ಅಂದ್ರೆ ಸರದಿ ಪ್ರಕಾರ ಆಡೋ ಗೇಮಲ್ಲಿ ನನ್ನ ಸರದಿ ಮುಗೀತು ಅಂತ ನಾನು ಎಂಡ್ ಟರ್ನ್ ಒತ್ತೋ ತನಕ ಒಂದು ಎಲೇನೂ ಅಲ್ಲಾಡಲ್ಲ. ಅಲ್ಲಾಡುತ್ತೆ ಅನ್ಕೊಳ್ಳಿ, ಅನಿಮೇಷನ್ ಇರುತ್ತಲ್ಲ, ಆದ್ರೆ ಯಾವ ಗಾಬ್ಲಿನ್ನೂ ನನ್ನ ಬದಲು ಕಿಟಕಿ ಹಾಕಲ್ಲ.

ಚೆಂಡು, ಬೆಲ್ಲು, ಐದು ಸಲ ಶಿಫ್ಟ್

ಆಡೋದು ಹೇಗೆ ಅಂತ ಕೇಳೋರು ಜಾಸ್ತಿ, ಅದನ್ನ ಒಂದು ಸಲ ಬರೆದು ಮುಗಿಸ್ತೀನಿ. ನನಗೆ ಮೊಣಕೈ ಮಡಚೋಕಾಗುತ್ತೆ, ಮಣಿಕಟ್ಟು ಮೇಲಕ್ಕೆ ಎತ್ತೋಕಾಗುತ್ತೆ, ಬೆರಳು ಮಾತ್ರ ನನ್ನ ಮಾತು ಕೇಳಲ್ಲ. ಆದ್ರೆ ಮಣಿಕಟ್ಟು ಎತ್ತಿದಾಗ ಒಳಗಿನ ಟೆಂಡನ್, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ, ಎಳೆದ ಹಾಗಾಗಿ ಬೆರಳು ತಾನಾಗೇ ಒಂಚೂರು ಮಡಚಿಕೊಳ್ಳುತ್ತೆ, ರಿಹ್ಯಾಬಲ್ಲಿ ಇದಕ್ಕೆ ಟೆನೊಡೆಸಿಸ್ ಅಂತಾರೆ, ನಾನು ಲೋಟ ಎತ್ತೋದು ಆ ಉಪಾಯದಲ್ಲೇ. ಮೌಸ್‌ಗೆ ಅದು ಸಾಲಲ್ಲ. ಹಂಗಾಗಿ ದೊಡ್ಡ ಚೆಂಡಿರೋ ಟ್ರ್ಯಾಕ್‌ಬಾಲ್ ಇಟ್ಕೊಂಡು ಅಂಗೈ ಅಂಚಲ್ಲಿ ಉರುಳಿಸ್ತೀನಿ. ಕರ್ಸರ್ ಚೆನ್ನಾಗೇ ಹೋಗುತ್ತೆ, ಕಷ್ಟ ಇರೋದು ಕ್ಲಿಕ್‌ನಲ್ಲಿ. ಅದೇ ಕೈಯಲ್ಲಿ ಬಟನ್ ಒತ್ತೋಕೆ ಹೋದ್ರೆ ಚೆಂಡೂ ಅಲ್ಲಾಡಿ ಕರ್ಸರ್ ಪಕ್ಕಕ್ಕೆ ಜಾರುತ್ತೆ, ಗಾಬ್ಲಿನ್ ಮೇಲೆ ಬೀಳ್ಬೇಕಾದ ಬಾಣ ನೆಲದ ಮೇಲೆ ಬೀಳುತ್ತೆ.

ಇದಕ್ಕೆ ಪರಿಹಾರ ಹುಡುಕಿದ್ದು ನಮ್ಮ ಬೀದಿ ಎಲೆಕ್ಟ್ರಿಷಿಯನ್, ಯುಪಿಎಸ್ ಬ್ಯಾಟರಿಗೆ ನೀರು ಹಾಕೋಕೆ ಬಂದೋನು ನನ್ನ ಅವಸ್ಥೆ ನೋಡಿ "ಕ್ಲಿಕ್ ಅಂದ್ರೆ ಏನ್ ಸಾರ್, ಎರಡು ವೈರ್ ಸೇರೋದು ತಾನೇ" ಅಂದ. ಮನೇಲಿದ್ದ ಹಳೇ ಮೌಸ್ ಬಿಚ್ಚಿದ. ಲೆಫ್ಟ್ ಬಟನ್ ಕೆಳಗೆ ಒಂದು ಪುಟ್ಟ ಸ್ವಿಚ್ ಇರುತ್ತೆ, ಅದಕ್ಕೆ ಬೋರ್ಡಿನ ಹಿಂದೆ ಮೂರು ಕಾಲು. ಯಾವ ಎರಡು ಸೇರಿಸಿದ್ರೆ ಕ್ಲಿಕ್ ಆಗುತ್ತೆ ಅಂತ ಮೌಸ್ ಕಂಪ್ಯೂಟರಿಗೆ ಹಾಕಿದ ಹಾಗೇ ಸಣ್ಣ ವೈರ್ ತುಂಡಲ್ಲಿ ಮುಟ್ಟಿಸಿ ಮುಟ್ಟಿಸಿ ನೋಡಿದ, ಸ್ಕ್ರೀನ್ ಮೇಲೆ ಫೋಲ್ಡರ್ ತಟಕ್ಕನೆ ಸೆಲೆಕ್ಟ್ ಆದ ತಕ್ಷಣ "ಸಿಕ್ತು" ಅಂದು ಆ ಎರಡಕ್ಕೂ ವೈರ್ ಬೆಸುಗೆ ಹಾಕಿದ. ವೈರಿನ ಇನ್ನೊಂದು ತುದಿಗೆ ಕಾಲಿಂಗ್ ಬೆಲ್ ಬಟನ್, ಅದನ್ನ ಪ್ಲೈವುಡ್ ತುಂಡಿಗೆ ಸ್ಕ್ರೂ ಹೊಡೆದು ಎಡಗಡೆ ಆರ್ಮ್‌ರೆಸ್ಟಿಗೆ ಕಟ್ಟಿದ. ಈಗ ಬಲಗೈ ಚೆಂಡು ಉರುಳಿಸುತ್ತೆ, ಎಡಗೈನ ಭಾರ ಬಟನ್ ಮೇಲೆ ಬಿಟ್ರೆ ಕ್ಲಿಕ್. ವಿಂಡೋಸ್‌ಗೆ ಎರಡು ಮೌಸ್ ಹಾಕಿದ್ರೂ ಕರ್ಸರ್ ಒಂದೇ ಆಗಿರೋದ್ರಿಂದ ಯಾವ ಸಾಫ್ಟ್‌ವೇರೂ ಬೇಕಾಗ್ಲಿಲ್ಲ. ಅಮ್ಮ ಬಂದು ಒಂದು ಸಲ ಒತ್ತಿ ನೋಡಿ "ಸದ್ದೇ ಬರಲ್ವಲ್ಲೋ, ನೀನು ಕರೆದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು" ಅಂದ್ಲು. ಕರೆಯೋಕಲ್ಲಮ್ಮ, ಇದು ಬಾಣ ಬಿಡೋಕೆ ಅಂದೆ.

ಇದೇ ಕೆಲಸವನ್ನ ದೊಡ್ಡ ಪ್ರಮಾಣದಲ್ಲಿ ಮಾಡೋದು ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್. ಎರಡು ತಟ್ಟೆಯಂಥ ಬಟನ್ನು, ಹಿಂದೆ ಹತ್ತೊಂಬತ್ತು ಜ್ಯಾಕು, ಒಂದೊಂದಕ್ಕೂ ನಿಮ್ಮ ಮೈ ಯಾವ ಭಾಗ ಅಲ್ಲಾಡುತ್ತೋ ಅದಕ್ಕೆ ತಕ್ಕ ಸ್ವಿಚ್ ಸಿಗಿಸ್ಕೋಬಹುದು, ಗಲ್ಲದಲ್ಲಿ ಒತ್ತೋದು, ಮಂಡಿಯಲ್ಲಿ ಒತ್ತೋದು, ಹೀಗೆ. ಐದು ವರ್ಷ ಬಿಟ್ಟು 2023ರಲ್ಲಿ ಸೋನಿ ಕೂಡ ಪ್ಲೇಸ್ಟೇಷನ್‌ಗೆ ಆಕ್ಸೆಸ್ ಕಂಟ್ರೋಲರ್ ಅಂತ ತಂತು. ಒಳ್ಳೇ ವಸ್ತುಗಳೇ, ಆದ್ರೆ ಮೈಕ್ರೋಸಾಫ್ಟಿನ ಡಬ್ಬಕ್ಕೆ ಸಿಗಿಸೋ ಸ್ವಿಚ್ಚುಗಳನ್ನ ಬೇರೆ ಬೇರೆಯಾಗಿ ಕೊಳ್ಬೇಕು, ಲೆಕ್ಕ ಅಲ್ಲಿ ಏರೋದು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಟನ್ನು, ವೈರು, ಮೋನೋ ಜ್ಯಾಕು ತಗೊಂಡ್ರೆ ಆ ಸ್ವಿಚ್ಚನ್ನೂ ಮನೇಲೇ ಮಾಡ್ಕೋಬಹುದು, ಒಳಗೆ ಇರೋದು ಅದೇ ಎರಡು ವೈರು.

ಕೀಬೋರ್ಡಿಗೆ ಅಂಗೈಗೆ ಸುತ್ತೋ ಬೆಲ್ಟು, ಅದ್ರಲ್ಲಿ ಸಿಗಿಸಿದ ಪೆನ್ನು. ಒಂದು ಸಲಕ್ಕೆ ಒಂದೇ ಕೀ. ಕಂಟ್ರೋಲ್ ಹಿಡ್ಕೊಂಡು ಇನ್ನೊಂದು ಒತ್ತಬೇಕು ಅಂದ್ರೆ ವಿಂಡೋಸ್‌ನ ಸ್ಟಿಕಿ ಕೀಸ್, ಒಂದಾದ್ಮೇಲೆ ಒಂದು ಒತ್ತಿದ್ರೂ ಒಟ್ಟಿಗೆ ಒತ್ತಿದ ಹಾಗೆ ತಗೊಳ್ಳುತ್ತೆ. ಗೇಮ್ ಆಡೋರಿಗೆಲ್ಲ ಇದರ ಹೆಸರು ಕೇಳಿದ್ರೆ ಮೈ ಉರಿಯುತ್ತೆ, ಜೋರಾಗಿ ಆಡ್ತಿರುವಾಗ ಐದು ಸಲ ಶಿಫ್ಟ್ ಒತ್ತಿದ್ರೆ ಮಧ್ಯೆ ಬಂದು ಹಾಳು ಮಾಡೋ ಕಿಟಕಿ, ಎಲ್ಲರೂ ಮೊದಲು ಆಫ್ ಮಾಡೋದು ಅದನ್ನೇ. ವಿಂಡೋಸ್ 95ರಿಂದ ಅದು ಅಲ್ಲೇ ಕೂತಿದೆ, ನಮ್ಮಂಥೋರಿಗೋಸ್ಕರ. ಆದ್ರೆ ಕೆಲವು ಗೇಮುಗಳು ಕೀಬೋರ್ಡನ್ನ ನೇರವಾಗಿ ಓದ್ತಾವೆ, ಅಲ್ಲಿ ಸ್ಟಿಕಿ ಕೀಸ್ ಕೆಲಸಕ್ಕೆ ಬರಲ್ಲ, ಆಗ ಕೀಗಳ ಕೆಲಸ ಬದಲಿಸೋ ಆಟೋಹಾಟ್‌ಕೀ ಅನ್ನೋ ಸಾಫ್ಟ್‌ವೇರಲ್ಲಿ ನಾಲ್ಕು ಸಾಲು ಬರೆದು "ಹಿಡ್ಕೋ" ಅನ್ನೋದನ್ನ "ಒಂದು ಸಲ ಒತ್ತು, ಇನ್ನೊಂದು ಸಲ ಒತ್ತಿದಾಗ ಬಿಡು" ಅಂತ ಮಾಡ್ಕೋಬೇಕು. ವಾಯ್ಸ್ ಕಮಾಂಡೂ ನೋಡಿದೀನಿ. ಫ್ಯಾನ್ ಸದ್ದು, ಹಾಲಲ್ಲಿ ಸೀರಿಯಲ್ಲು, ಅದ್ರ ಮಧ್ಯೆ ನನ್ನ ಇಂಗ್ಲಿಷು. ಸೀರಿಯಲ್ ಅತ್ತೆ ಕೂಗಿದ್ದಕ್ಕೆ ನನ್ನ ವಿಝಾರ್ಡ್ ಪೋಶನ್ ಕುಡಿದುಬಿಟ್ಟ. ಸಾಕು ಅನ್ನಿಸ್ತು.

ಕಾಯೋ ಆಟ, ಕಾಯ್ದೇ ಇರೋ ಆಟ

ನಮ್ಮ ಅಜ್ಜಿಗೆ ಕೊನೆಕೊನೆಗೆ ಕೈ ನಡುಗ್ತಿತ್ತು, ಕಣ್ಣೂ ಅಷ್ಟಕ್ಕಷ್ಟೇ. ಆದ್ರೂ ಬೇಸಿಗೆ ರಜೆಯಲ್ಲಿ ಚೌಕಾಬಾರ ಹಾಕಿದ್ರೆ ಅವಳಿಗೊಂದು ಮನೆ ಇರ್ಲೇಬೇಕಿತ್ತು. ಕವಡೆ ನಾವು ಹಾಕ್ತಿದ್ವಿ, ಎಷ್ಟು ಬಿತ್ತು ಅಂತ ಹೇಳ್ತಿದ್ವಿ, ಅವಳು ಮಂಚದ ಮೇಲೆ ಮಲಗಿದ್ದ ಹಾಗೇ "ಆ ಮೂಲೇದು ಬಿಡು, ಕಟ್ಟೆ ಪಕ್ಕದ್ದನ್ನ ನಡೆಸು, ಅವನ್ದು ಕಡಿ" ಅಂತಿದ್ಲು. ಬೋರ್ಡ್ ಪೂರ್ತಿ ಅವಳ ತಲೇಲಿರ್ತಿತ್ತು. ನಮ್ಮ ಕಾಯಿ ಹಣ್ಣಾಗೋಕೆ ಮುಂಚೆ ಅವಳ ನಾಲ್ಕೂ ಹಣ್ಣಾಗಿರ್ತಿತ್ತು. ಅಜ್ಜಿ ಕವಡೆ ಮುಟ್ಟಿಲ್ಲ, ಅದಕ್ಕೆ ಅವಳು ಆಡಿದ ಹಾಗಲ್ಲ ಅಂತ ನಮಗ್ಯಾರಿಗೂ ಅನ್ನಿಸ್ಲೇ ಇಲ್ಲ, ಸೋತು ಜಗಳ ಆಡುವಾಗ್ಲೂ. ಈಗ ನೆನೆಸ್ಕೊಂಡ್ರೆ ನಾನು ಗೇಮಲ್ಲಿ ಹುಡುಕೋದು ಅದನ್ನೇ. ಕೈ ಯಾರದ್ದಾದ್ರೂ ಆಗ್ಲಿ, ನಡೆ ನಂದಾಗಿರ್ಬೇಕು.

ಕಂಪ್ಯೂಟರ್ ಆರ್‌ಪಿಜಿಗಳ ಮೂಲಾನೂ ಹಂಗೇ ಟೇಬಲ್ ಸುತ್ತ ಕೂತು ದಾಳ ಹಾಕೋ ಆಟ, 1974ರ ಡಂಜನ್ಸ್ ಆಂಡ್ ಡ್ರಾಗನ್ಸ್. ಅಲ್ಲಿ ಸರದಿ ಇದ್ದಿದ್ದು ನನ್ನಂಥೋರ ಮೇಲಿನ ಕರುಣೆಯಿಂದ ಅಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ನಿರ್ಬೇಕಲ್ಲ ಅದಕ್ಕೆ. 1997ರ ಫಾಲ್‌ಔಟ್ ಟರ್ನ್ ಬೇಸ್ಡ್. 1998ರ ಬಾಲ್ಡರ್ಸ್ ಗೇಟ್ ರಿಯಲ್ ಟೈಮು, ಅಂದ್ರೆ ಸರದಿ ಇಲ್ದೆ ಎಲ್ಲ ಒಟ್ಟಿಗೆ ಓಡ್ತಿರುತ್ತೆ, ಆದ್ರೆ ಸ್ಪೇಸ್ ಬಾರ್ ಒತ್ತಿದ್ರೆ ಎಲ್ಲ ನಿಂತ್ಕೊಳ್ಳುತ್ತೆ. ಅದ್ರ ಆಪ್ಷನ್ಸಲ್ಲಿ ಆಟೋ ಪಾಸ್ ಅಂತ ಒಂದು ಪಟ್ಟಿ ಇದೆ, ಶತ್ರು ಕಂಡ್ರೆ ನಿಲ್ಲು, ನಮ್ಮೋರಿಗೆ ಪೆಟ್ಟು ಬಿದ್ರೆ ನಿಲ್ಲು, ರೌಂಡ್ ಮುಗಿದ್ರೆ ನಿಲ್ಲು. ಅಷ್ಟೂ ಟಿಕ್ ಹಾಕಿದ್ರೆ ಪೆನ್ನು ಸಿಗಿಸಿದ ಕೈಯಲ್ಲಿ ಇಡೀ ಗೇಮ್ ಮುಗಿಸಬಹುದು. ನಮ್ಮಂಥೋರ ಅನುಕೂಲಕ್ಕೆ ಅಂತ ಆಕ್ಸೆಸಿಬಿಲಿಟಿ ಅನ್ನೋ ಮೆನು ಅದ್ರಲ್ಲಿ ಇಲ್ಲ, ಆ ಕಾಲದಲ್ಲಿ ಯಾವ ಗೇಮಲ್ಲಿತ್ತು.

ಮಧ್ಯೆ ಒಂದಷ್ಟು ವರ್ಷ ಕಾಯೋ ಆಟ ಯಾರಿಗೂ ಬೇಡವಾಗಿತ್ತು. ದೊಡ್ಡ ಆರ್‌ಪಿಜಿ ಅಂದ್ರೆ ಸ್ಕೈರಿಮ್ ಥರದ್ದು, ಒಂದು ಕೈ ಮೌಸಲ್ಲಿ ಕುತ್ತಿಗೆ ತಿರುಗಿಸ್ತಿರ್ಬೇಕು, ಇನ್ನೊಂದು ಕೈ ನಾಲ್ಕು ಕೀ ಮೇಲೆ ಓಡಾಡ್ತಿರ್ಬೇಕು, ಎರಡೂ ಒಟ್ಟಿಗೆ. ವಿಚರ್ 3ನ ನಾನು ಅತ್ಯಂತ ಸುಲಭದ ಲೆವೆಲಲ್ಲಿ ಇಟ್ಕೊಂಡು ಸ್ವಲ್ಪ ದೂರ ಹೋದೆ, ಅದ್ರಲ್ಲಿ ಕುದುರೆ ರಸ್ತೆ ಹಿಡಿದ್ರೆ ತಾನೇ ದಾರಿ ನೋಡ್ಕೊಂಡು ಹೋಗುತ್ತೆ, ಸಂಜೆ ಬೆಳಕಲ್ಲಿ ಮರಗಳು ಗಾಳಿಗೆ ತೂಗ್ತಿರೋವಾಗ ಹಂಗೆ ಹೋಗೋದು ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆ ಸಂಬಂಧಿಕರ ಮಾತಲ್ಲಿ ಅಷ್ಟರ ಮಟ್ಟಿಗೆ ನಿಜ ಇದೆ. ಆದ್ರೆ ಕುದುರೆ ಇಳಿದು ಕತ್ತಿ ತೆಗೆದ ತಕ್ಷಣ ಆಟ ನನ್ನನ್ನ ಹೊರಗೆ ಹಾಕಿ ಬಾಗಿಲು ಮುಚ್ಚುತ್ತೆ, ಸರಿಯಾದ ಹೊತ್ತಿಗೆ ಪಕ್ಕಕ್ಕೆ ಉರುಳೋದು ನನ್ನ ಕೈಲಿಲ್ಲ.

2022ರಲ್ಲಿ ಎಲ್ಡನ್ ರಿಂಗ್ ಬಂದಾಗ ಈಸಿ ಮೋಡ್ ಬೇಕಾ ಬೇಡ್ವಾ ಅನ್ನೋ ಹಳೇ ಜಗಳ ಮತ್ತೆ ಎದ್ದಿತ್ತು. ಕಷ್ಟಾನೇ ಅದರ ರುಚಿ, ಸುಲಭ ಮಾಡಿದ್ರೆ ಗೇಮೇ ಅಲ್ಲ ಅನ್ನೋರ ಮಾತು ನನಗೆ ಅರ್ಥ ಆಗುತ್ತೆ, ಯಾಕಂದ್ರೆ ನಾನೂ ಬಾಲ್ಡರ್ಸ್ ಗೇಟ್ 3ನ ಟ್ಯಾಕ್ಟಿಶಿಯನ್ ಅನ್ನೋ ಕಷ್ಟದ ಲೆವೆಲಲ್ಲೇ ಆಡೋದು, ಸೋತು ಸೋತು ಗೆಲ್ಲೋ ಖುಷಿ ಗೊತ್ತು. ಆದ್ರೆ ಅವರು ಕಷ್ಟ ಅಂದಾಗ ಅದು ಬೆರಳಿನ ಕಷ್ಟ. ನನಗೆ ಆ ಕಷ್ಟ ಗೇಮ್ ಕೊಡೋದೇ ಬೇಡ, ಹಲ್ಲುಜ್ಜೋದ್ರಲ್ಲೇ ಬೇಕಾದಷ್ಟಿದೆ. ಇದ್ರಲ್ಲಿ ಫೈನಲ್ ಫ್ಯಾಂಟಸಿ 16 ಮಾಡಿದ್ದು ನಂಗೆ ಹಿಡಿಸ್ತು. ಒಂದು ಕಾಲದಲ್ಲಿ ಸರದಿ ಆಟ ಆಗಿದ್ದ ಸರಣಿ ಅದು, 2023ರ ಹೊತ್ತಿಗೆ ಪೂರ್ತಿ ಕತ್ತಿವರಸೆ ಆಗಿದೆ, ಆದ್ರೆ ಕೈ ನಿಧಾನ ಇರೋರಿಗೆ ಉಂಗುರಗಳನ್ನ ಇಟ್ಟಿದಾರೆ. ಒಂದು ಹಾಕ್ಕೊಂಡ್ರೆ ಪೆಟ್ಟು ಬರುವಾಗ ಪಾತ್ರ ತಾನೇ ತಪ್ಪಿಸ್ಕೊಳ್ಳುತ್ತೆ, ಇನ್ನೊಂದು ಹಾಕ್ಕೊಂಡ್ರೆ ಒಂದೇ ಬಟನ್ನಲ್ಲಿ ಸಾಲಾಗಿ ಏಟು ಬೀಳುತ್ತೆ. ಬೇಕಾದ್ರೆ ಹಾಕ್ಕೋ, ಬೇಡಾಂದ್ರೆ ತೆಗ್ದಿಡು. ಯಾರ ರುಚಿನೂ ಕೆಡಲ್ಲ.

ಮತ್ತೆ ಕಾಯೋ ಆಟಕ್ಕೆ ಕಾಲ ಬಂತು. ಪಿಲ್ಲರ್ಸ್ ಆಫ್ ಎಟರ್ನಿಟಿಯ ಎರಡನೇ ಭಾಗ ಡೆಡ್‌ಫೈರ್ 2018ರಲ್ಲಿ ರಿಯಲ್ ಟೈಮಾಗಿ ಬಂದು ಮುಂದಿನ ವರ್ಷ ಅಪ್‌ಡೇಟಲ್ಲಿ ಟರ್ನ್ ಬೇಸ್ಡ್ ಮೋಡ್ ಸೇರಿಸ್ತು. ಡಿವಿನಿಟಿ ಒರಿಜಿನಲ್ ಸಿನ್ 2 ಮಾಡಿದ ಲಾರಿಯನ್ ಕಂಪನಿಯವರೇ 2023ರಲ್ಲಿ ಬಾಲ್ಡರ್ಸ್ ಗೇಟ್ 3 ತಂದ್ರು, ಫೈಟ್ ಇಲ್ಲದಿರುವಾಗ್ಲೂ ಬೇಕಾದ್ರೆ ಟರ್ನ್ ಬೇಸ್ಡ್ ಆನ್ ಮಾಡ್ಕೋಬಹುದು ಅದ್ರಲ್ಲಿ. ಕಾವಲುಗಾರನ ಕಣ್ಣು ತಪ್ಪಿಸಿ ಹೋಗೋದು, ಟೈಮಿಗೆ ಸಿಡಿಯೋ ಬಾಂಬು, ಎಲ್ಲದಕ್ಕೂ ನಿಲ್ಲಪ್ಪಾ ಅಂತ ಹೇಳ್ಬಹುದು.

ಜೇಡದ ಗುಹೆ

ಬಾಲ್ಡರ್ಸ್ ಗೇಟ್ 3 ಆಡಿರೋರಿಗೆ ಹಾಳೂರಿನ ಬಾವಿ ಗೊತ್ತಿರುತ್ತೆ. ಬಾವಿ ಇಳಿದ್ರೆ ಕೆಳಗೆ ಗುಹೆ, ಗುಹೆ ತುಂಬಾ ಜೇಡದ ಬಲೆ, ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಬಲೇದೇ ಸೇತುವೆ, ಅದ್ರ ಮೇಲೆ ಓಡಾಡೋ ಒಂದು ಮಹಾ ಜೇಡ. ಇದ್ದಕ್ಕಿದ್ದ ಹಾಗೆ ಮಾಯ ಆಗಿ ಇನ್ನೊಂದು ಕಡೆ ಕಾಣಿಸ್ಕೊಳ್ಳುತ್ತೆ, ವಿಷ ಉಗಿಯುತ್ತೆ, ಸುತ್ತ ಇರೋ ಮೊಟ್ಟೆ ಒಡೆಸಿ ಮರಿಗಳನ್ನ ಕರೆಯುತ್ತೆ. ನನ್ನ ಲೆವೆಲ್ ಇನ್ನೂ ಕಮ್ಮಿ, ಪದೇ ಪದೇ ಸಾಯ್ತಿದ್ದೆ.

ಮಧ್ಯಾಹ್ನದ ಹೊತ್ತು, ಏಪ್ರಿಲ್ ಬಿಸಿಲು. ನನ್ನ ಥರ ಇಂಜುರಿ ಆದೋರಿಗೆ ಪೆಟ್ಟಾದ ಜಾಗದ ಕೆಳಗೆ ಸರಿಯಾಗಿ ಬೆವರಲ್ಲ, ಮೈ ಬಿಸಿ ಒಳಗೇ ಉಳ್ಕೊಳ್ಳುತ್ತೆ, ಅದಕ್ಕೆ ಕುತ್ತಿಗೆ ಮೇಲೆ ಒದ್ದೆ ಟವೆಲ್ಲು. ಲ್ಯಾಪ್‌ಟಾಪನ್ನ ತೊಡೆ ಮೇಲಂತೂ ಇಡೋ ಹಾಗೇ ಇಲ್ಲ, ಸುಟ್ರೂ ಗೊತ್ತಾಗಲ್ಲ. ಅದೂ ಅಲ್ದೆ ಅರ್ಧ ಗಂಟೆಗೊಮ್ಮೆಯಾದ್ರೂ ಮುಂದಕ್ಕೆ ಬಾಗಿ ಕೂತ ಜಾಗದ ಮೇಲಿನ ಭಾರ ಇಳಿಸ್ಬೇಕು, ಇಲ್ಲಾಂದ್ರೆ ಹುಣ್ಣು. ನಮ್ಮನೆ ಹುಡುಗ ರಾಯಚೂರು ಕಡೆಯೋನು, ಅವನೇ ಟೈಮ್ ನೋಡ್ಕೊಂಡು ಬಂದು ಹಿಂದಿನಿಂದ ಹಿಡ್ಕೊಂಡು ನನ್ನನ್ನ ಬಗ್ಗಿಸ್ತಾನೆ. ಆವತ್ತು ಹಂಗೆ ಬಗ್ಗಿಸಿದಾಗ ನನ್ನ ತಲೆ ಮೇಜಿನ ಹತ್ರ, ಕಣ್ಣು ಕೀಬೋರ್ಡ್ ಮೇಲೆ, ಸ್ಕ್ರೀನ್ ನನಗೆ ಕಾಣ್ತಿಲ್ಲ. ಅವನಿಗೆ ಕಾಣ್ತಿತ್ತು. ನನ್ನ ಟರ್ನ್, ಆಟ ನಿಂತಿತ್ತು. ಸ್ವಲ್ಪ ಹೊತ್ತು ನೋಡಿ ಕೇಳ್ದ, "ಅಣ್ಣಾ, ಇದು ನಿಂತದ್ದು ಬಲಿ ಮ್ಯಾಲ ಏನು?"

ಹೌದು ಅಂದೆ, ಮೇಜಿಗೆ ಹೇಳಿದ ಹಾಗೆ.

"ಮತ್ತ ಅದನ್ಯಾಕ್ ಹೊಡೀತೀರಿ, ಬಲಿ ಸುಟ್ ಬಿಡ್ರಿ, ತಾನ ಕೆಳಗ ಬೀಳ್ತದ."

ನನ್ನ ತಲೇಲಿ ಆ ಯೋಚ್ನೆ ಬಂದೇ ಇರ್ಲಿಲ್ಲ. ಎತ್ತಿ ಕೂರಿಸಿದ ಮೇಲೆ ನನ್ನ ತಂಡದ ಮಂತ್ರವಾದಿ ಗೇಲ್‌ನ ಕೈಲಿ ಒಂದು ಸಣ್ಣ ಬೆಂಕಿ ಮಂತ್ರ, ಫೈರ್ ಬೋಲ್ಟ್, ಜೇಡಕ್ಕಲ್ಲ, ಅದರ ಕಾಲ ಕೆಳಗಿನ ಸೇತುವೆಗೆ. ಬಲೆ ಹೊತ್ಕೊಂಡು ಉರೀತು, ಅಷ್ಟು ದೊಡ್ಡ ಜೇಡ ಧಡ್ ಅಂತ ಕೆಳಗೆ. ಅರ್ಧ ಜೀವ ಅಲ್ಲೇ ಹೋಯ್ತು. ಆಮೇಲೆ ಅವನು ಹೋಗ್ಲೇ ಇಲ್ಲ, ಬಾಗಿಲ ಹತ್ರ ಸ್ಟೂಲ್ ಎಳ್ಕೊಂಡು ಕೂತ. ಮರಿ ಜೇಡ ಮೊದ್ಲು ಕೊಲ್ಲೋಣ ಅಂತ ಅವನು, ಬೇಡ ತಾಯೀನೇ ಮುಗಿಸೋಣ ಅಂತ ನಾನು. ಅವನು ಹೇಳಿದ್ದು ಒಂದು, ನಾನು ಮಾಡಿದ್ದು ಒಂದು, ನನ್ನ ತಂಡದ ಶ್ಯಾಡೋಹಾರ್ಟ್ ಸತ್ಲು, "ನಾ ಹೇಳಿದ್ನಿಲ್ರಿ" ಅಂತ ಅಂದೂ ಬಿಟ್ಟ. ದಿನಾ ಬೆಳಿಗ್ಗೆ ನನ್ನ ಮೈ ಮುಟ್ಟಿ ಎತ್ತಿ ತೊಳೆಯೋನು ಅವನು, ನನಗೆ ಏನು ಬೇಕು ಅಂತ ಕೇಳೋದೂ ಅವನೇ, ಆದ್ರೆ ನಮ್ಮಿಬ್ಬರ ಮಧ್ಯೆ ಅಭಿಪ್ರಾಯ ಭೇದ ಅಂತ ಒಂದು ಬಂದಿದ್ದು ಆವತ್ತೇ ಮೊದಲು. ಮುಂಚೆ ಎಲ್ಲದಕ್ಕೂ ಆಯ್ತಣ್ಣಾ ಅಂತಿದ್ದ. ಈಗ ಬೆಳಿಗ್ಗೆ ಸ್ನಾನ ಮಾಡಿಸ್ತಾನೇ "ಅಣ್ಣಾ, ಆ ಗಡ್ಡದವನ್ನ ಯಾಕ್ ನಂಬ್ತೀರಿ" ಅಂತ ಗೇಲ್ ವಿಷಯಕ್ಕೆ ಜಗಳ ತೆಗೀತಾನೆ. ಶರ್ಟ್ ತಗೊಂಡು ಬಂದ್ರೂ ಎರಡು ಹಿಡ್ಕೊಂಡು ನಿಂತ್ಕೋತಾನೆ, ನಾನು ಹೇಳೋ ತನಕ. ಎರಡಕ್ಕೂ ಸಂಬಂಧ ಇದೆಯೋ ಇಲ್ವೋ, ನಾನು ಕೇಳೋಕೆ ಹೋಗಿಲ್ಲ.

ಶಕ್ತಿ 8

ಪಾತ್ರ ಮಾಡ್ಕೊಳ್ಳುವಾಗ ಇಪ್ಪತ್ತೇಳು ಪಾಯಿಂಟ್ ಕೊಡ್ತಾರೆ, ಶಕ್ತಿ, ಚುರುಕು, ಬುದ್ಧಿ, ಮಾತಿನ ಮೋಡಿ ಇದಕ್ಕೆಲ್ಲ ಹಂಚ್ಕೋಬೇಕು. ನಾನು ಎಂಟಡಿ ರಾಕ್ಷಸನಂಥ ಬಾರ್ಬೇರಿಯನ್ ಮಾಡ್ಕೋತೀನಿ ಅಂತ ಎಲ್ಲರೂ ಅನ್ಕೋತಾರೆ. ನನ್ನ ಪಾತ್ರ ನೋಮ್, ಕುಳ್ಳ, ಕುಲಕಸುಬು ಬಾರ್ಡ್, ಅಂದ್ರೆ ಹಾಡಿ ಮಾತಾಡಿ ಬದುಕೋನು. ಶಕ್ತಿ 8, ಅದಕ್ಕಿಂತ ಕಮ್ಮಿ ಇಡೋಕಾಗಲ್ಲ. ಮನುಷ್ಯರು ಒಂದು ಟರ್ನಲ್ಲಿ 9 ಮೀಟರ್ ನಡೆದ್ರೆ ನೋಮ್ ನಡೆಯೋದು ಏಳೂವರೆ. ಪಾಯಿಂಟ್ ಜಾಸ್ತಿ ಹೋಗಿದ್ದು ಮಾತಿಗೆ. ಬೈದು ಬೈದೇ ಶತ್ರು ಜೀವ ಕಮ್ಮಿ ಮಾಡೋ ಮಂತ್ರ ಒಂದಿದೆ ಅವನಿಗೆ, ಅದನ್ನ ಬಳಸಿದಷ್ಟು ಇನ್ಯಾವುದನ್ನೂ ಬಳಸಿಲ್ಲ. ಮೇಜ್ ಹ್ಯಾಂಡ್ ಅಂತ ಇನ್ನೊಂದಿದೆ, ಗಾಳಿಯಲ್ಲಿ ತೇಲೋ ಕೈ, ದೂರದಲ್ಲಿರೋ ಲಿವರ್ ಎಳೆಯುತ್ತೆ, ಅಂಚಲ್ಲಿ ನಿಂತೋರನ್ನ ದಬ್ಬುತ್ತೆ. ಅದೊಂದು ಮನೇಲಿದ್ದಿದ್ರೆ ಫ್ಯಾನ್ ಸ್ವಿಚ್ಚಿಗೆ ಯಾರನ್ನೂ ಕರೀಬೇಕಾಗ್ತಿರ್ಲಿಲ್ಲ, ಆಸೆ ಅಂತ ಇದ್ರೆ ನಂಗೆ ಅದು, ಡ್ರಾಗನ್ ಮೇಲೆ ಸವಾರಿ ಎಲ್ಲ ಬೇಡ.

ಸರ್ಕಾರವೂ ನನಗೊಂದು ಕ್ಯಾರೆಕ್ಟರ್ ಶೀಟ್ ಕೊಟ್ಟಿದೆ, ಯುಡಿಐಡಿ ಕಾರ್ಡು, ಅಂಗವಿಕಲರ ಗುರುತಿನ ಚೀಟಿ. ಅದ್ರಲ್ಲಿ ಪರ್ಸೆಂಟೇಜ್ ಇರುತ್ತೆ, 40ಕ್ಕಿಂತ ಕಮ್ಮಿ ಇದ್ರೆ ಬಿಳಿ ಪಟ್ಟಿ, 40ರಿಂದ ಹಳದಿ, 80ರಿಂದ ಮೇಲೆ ನೀಲಿ. ನಂದು ನೀಲಿ. ಗೇಮಲ್ಲಿ ನೀಲಿ ಅಂದ್ರೆ ರೇರ್ ಐಟಂ ಅಂತ ಅಕ್ಕನ ಮಗನಿಗೆ ಹೇಳಿದೆ, ಅವನು "ಮಾವ, ರೇರ್ ಐಟಂಗೆ ಒಳ್ಳೆ ರೇಟ್ ಇದೆ, ಮಾರಿಬಿಡೋಣ" ಅಂದ.

ಗೇಮು ಮತ್ತೆ ಅಂಗವಿಕಲತೆ ಅಂದಾಗ ಎಲ್ಲರೂ ನನಗೆ ಕಳಿಸೋದು ನಾರ್ವೆಯ ಮಾಟ್ಸ್ ಸ್ಟೀನ್ ಕಥೆ. ಸ್ನಾಯುಗಳು ಕ್ರಮೇಣ ಸೋತುಹೋಗೋ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದ್ದ ಹುಡುಗ, 2014ರಲ್ಲಿ ತೀರ್ಕೊಂಡಾಗ 25 ವರ್ಷ. ಮಗನಿಗೆ ಸ್ನೇಹಿತರೇ ಇರ್ಲಿಲ್ಲ, ಒಂಟಿಯಾಗಿ ಕಂಪ್ಯೂಟರ್ ಮುಂದೆ ಕಾಲ ಕಳೆದ ಅಂತ ಅಪ್ಪ ಅಮ್ಮ ಅನ್ಕೊಂಡಿದ್ರು. ಅವನ ಬ್ಲಾಗಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಬೇರೆ ಬೇರೆ ದೇಶದಿಂದ ಇಮೇಲ್ ಬರೋಕೆ ಶುರುವಾಯ್ತು, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮಲ್ಲಿ ಸ್ಟಾರ್‌ಲೈಟ್ ಅನ್ನೋ ಗಿಲ್ಡಿನೋರು, ಅಂದ್ರೆ ಒಟ್ಟಿಗೆ ಆಡೋ ಬಳಗದೋರು, ಅವರಿಗೆ ಅವನು ಐಬೆಲಿನ್. ಕೆಲವರು ಅಂತ್ಯಕ್ರಿಯೆಗೇ ಬಂದ್ರು. ನನಗೆ ಬರೋ ಫಾರ್ವರ್ಡುಗಳಲ್ಲಿ ಈ ಕಥೆ ಮೇಲೆ "ವೀಲ್‌ಚೇರಲ್ಲಿದ್ದ ಹುಡುಗ ಗೇಮಲ್ಲಿ ಹೀರೋ" ಅಂತಿರುತ್ತೆ, ಕೊನೇಲಿ ಎರಡು ಕೈಮುಗಿಯೋ ಇಮೋಜಿ. ಆದ್ರೆ ಆ ಜನ ಅವನ ಬಗ್ಗೆ ನೆನೆಸ್ಕೊಂಡಿದ್ದು ಅವನ ಕತ್ತಿ ವಿಷಯ ಅಲ್ಲ. ಒಬ್ಬ ಹುಡುಗಿಯ ಅಪ್ಪ ಅಮ್ಮ ಅವಳ ಕಂಪ್ಯೂಟರ್ ಕಿತ್ತಿಟ್ಟಾಗ ಇವನು ಅವರಿಗೆ ಒಂದು ಕಾಗದ ಬರೆದ. ಆಟಿಸಂ ಇರೋ ಮಗನ ಜೊತೆ ಮಾತು ಕಷ್ಟ ಆಗಿದ್ದ ತಾಯಿಗೆ ಗೇಮಲ್ಲೇ ಹತ್ರ ಆಗೋ ದಾರಿ ಹೇಳಿಕೊಟ್ಟ. ಅವನ ಹತ್ರ ಜನ ಸಲಹೆ ಕೇಳ್ಕೊಂಡು ಬರ್ತಿದ್ರು. ನನ್ನ ಹತ್ರ ಕೊನೇ ಸಲ ಯಾರಾದ್ರೂ ಸಲಹೆ ಕೇಳ್ಕೊಂಡು ಬಂದಿದ್ದು ಯಾವಾಗ ಅಂತ ಯೋಚ್ನೆ ಮಾಡ್ದೆ. ಮನೆಗೆ ಪೇಂಟ್ ಮಾಡಿಸಿದಾಗ ನನ್ನ ರೂಮಿನ ಬಣ್ಣ ಕೂಡ ಕೇಳ್ಲಿಲ್ಲ, ತಿಳಿ ಹಸಿರು, ಕಣ್ಣಿಗೆ ತಂಪು ಅಂತೆ.

ಈಗ ಭಾನುವಾರ ಸಂಜೆ ಬೆಂಗಳೂರಲ್ಲಿರೋ ಅಕ್ಕನ ಮಗನ ಜೊತೆ ಆನ್‌ಲೈನಲ್ಲಿ ಆಡ್ತೀನಿ, ನಾಲ್ಕು ಜನದ ತನಕ ಒಟ್ಟಿಗೆ ಆಡಬಹುದು. ಇಲ್ಲಿ ನನ್ನ ಥಿಯರಿ ಸ್ವಲ್ಪ ಹಳ್ಳ ಹಿಡೀತು. ಗೇಮ್ ಕಾಯುತ್ತೆ, ಅವನು ಕಾಯಲ್ಲ. ನನ್ನ ಟರ್ನ್ ಬಂದು ನಾನು ಚೆಂಡು ಉರುಳಿಸ್ತಾ ಇದ್ರೆ ಹೆಡ್‌ಫೋನಲ್ಲಿ ಉಸಿರು ಬಿಡೋದು ಕೇಳ್ಸುತ್ತೆ, "ಮಾವ, ಹೊಡಿ ಮಾವ, ಆ ಕಡೆಯೋನ್ನ, ಅಲ್ಲ ಆ ಕಡೆ" ಅಂತ ಶುರು. ಮಾತುಕತೆ ಸೀನಲ್ಲಂತೂ ನನ್ನ ಬಾರ್ಡ್ ಪಕ್ಕದಲ್ಲೇ ನಿಂತಿರ್ತಾನೆ, ಇವನ ಫೈಟರ್ ಮುಂದೆ ನುಗ್ಗಿ ಬಾಯಿ ಹಾಕಿ ಚೆನ್ನಾಗಿ ಮಾತಾಡಿ ಮುಗಿಸಬಹುದಾಗಿದ್ದನ್ನ ಹೊಡೆದಾಟಕ್ಕೆ ತರ್ತಾನೆ. ಹೋದ ವಾರ ಬೈದೆ. ಇಲ್ಲೂ ನೀನು ನನ್ನ ಬದಲು ಉತ್ತರ ಹೇಳೋದಾದ್ರೆ ನಾನು ಟಿವಿ ನೋಡ್ತೀನಿ ಹೋಗೋ ಅಂದೆ. ಒಂದು ನಿಮಿಷ ಸುಮ್ನಿದ್ದು "ಸರಿ ಮಾವ, ಇನ್ಮೇಲೆ ಎಲ್ಲ ನೀನೇ ಮಾತಾಡು, ಸತ್ರೆ ನನ್ನ ಕೇಳ್ಬೇಡ" ಅಂದ. ಈ ಭಾನುವಾರ ಗೇಮಲ್ಲಿ ಶತ್ರುಗಳ ಕೋಟೆ ಮೂನ್‌ರೈಸ್ ಟವರ್ಸಿಗೆ ಹೋಗ್ಬೇಕು, ಬಾಗಿಲಲ್ಲಿ ಕಾವಲುಗಾರರ ಹತ್ರ ನಾನೇ ಮಾತಾಡೋದು ಅಂತ ಒಪ್ಪಂದ ಆಗಿದೆ. ಒಪ್ಪಂದ ಮುರಿದ್ರೆ ಅವನ ಫೈಟರ್‌ಗೆ ಒಂದೇ ಒಂದು ಹೀಲಿಂಗ್ ಪೋಶನ್ನೂ ಸಿಗಲ್ಲ, ಎಲ್ಲ ನನ್ನ ಚೀಲದಲ್ಲಿದೆ.